ಊರು, ಸರ್ವೆ ನಂಬರು, ಮುತ್ಯಾನ ಹೆಸರು: ಕಲಬುರಗಿ ಸೀಮೆಯವರು ಮನೆತನದ ಮೂಲವನ್ನು ಆನ್‌ಲೈನ್ ದಾಖಲೆಗಳಲ್ಲಿ ಹುಡುಕುವ ಬಗೆ

ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳವರು ತಮ್ಮ ಮನೆತನದ ಹಿಂದಿನ ತಲೆಮಾರುಗಳನ್ನು ಹುಡುಕಲು ಕುಳಿತಾಗ ಸಾಮಾನ್ಯವಾಗಿ ಮೊದಲು ಮಾಡುವುದು ಗೂಗಲ್‌ನಲ್ಲಿ ಅಡ್ಡಹೆಸರು ಬರೆದು ನೋಡುವ ಕೆಲಸ. ಅದರಿಂದ ಏನೂ ಸಿಗುವುದಿಲ್ಲ. ಪಾಟೀಲ, ಕುಲಕರ್ಣಿ, ದೇಶಮುಖ, ತಳವಾರ, ವಾಲೀಕಾರ ಎಂಬವು ನಮ್ಮ ಭಾಗದಲ್ಲಿ ಮನೆತನದ ಹೆಸರುಗಳಾಗುವ ಮೊದಲು ಊರಿನ ಅಥವಾ ಪರಗಣೆಯ ಹುದ್ದೆಗಳ ಹೆಸರುಗಳಾಗಿದ್ದವು. ಊರೂರಿಗೂ ಪಾಟೀಲಕಿ, ಕುಲಕರ್ಣಿಕಿ ಇದ್ದುದರಿಂದ ಒಂದಕ್ಕೊಂದು ಸಂಬಂಧವೇ ಇಲ್ಲದ ನೂರಾರು ಮನೆತನಗಳು ಒಂದೇ ಅಡ್ಡಹೆಸರನ್ನು ಹೊತ್ತಿವೆ. ಹಳೆಯ ದಾಖಲೆ ಮನುಷ್ಯನನ್ನು ಗುರುತಿಸುವುದು ಬೇರೆ ರೀತಿಯಲ್ಲಿ: ಅವನ ಹೆಸರು, ಅವನ ತಂದೆಯ ಹೆಸರು, ಅವನ ಊರು ಮತ್ತು ಅವನು ಉಳುತ್ತಿದ್ದ ಹೊಲದ ಸರ್ವೆ ನಂಬರು. ಈ ನಾಲ್ಕರಲ್ಲಿ ಹೆಸರು ಬರೆಯುವವನ ಕೈಯಲ್ಲಿ ಬದಲಾಗುತ್ತದೆ, ಊರಿನ ಹೆಸರೂ ಕೆಲವೊಮ್ಮೆ ಬದಲಾಗುತ್ತದೆ. ಎಲ್ಲಕ್ಕಿಂತ ಕಡಿಮೆ ಬದಲಾಗುವುದು ಸರ್ವೆ ನಂಬರು. ಆದ್ದರಿಂದ ಅಡ್ಡಹೆಸರಿನ ಬದಲು ಹೊಲದ ಬೆನ್ನು ಹತ್ತುವುದೇ ನಮ್ಮ ಸೀಮೆಯಲ್ಲಿ ನಡೆಯುವ ದಾರಿ ಎಂಬುದು ಹಲವು ವರ್ಷ ಈ ಹುಡುಕಾಟ ಮಾಡಿದ ನನ್ನ ಅನುಭವ.

ಕಂಪ್ಯೂಟರ್ ತೆರೆಯುವ ಮೊದಲು ಮನೆಯ ಹಿರಿಯರ ಎದುರು ಕುಳಿತುಕೊಳ್ಳಬೇಕು. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಲು ಅವರ ಒಪ್ಪಿಗೆ ಪಡೆದು, ಹೆಸರುಗಳಿಗಿಂತ ಮೊದಲು ಹೊಲಗಳ ಬಗ್ಗೆ ಕೇಳಿರಿ. ಯಾವ ಹೊಲಕ್ಕೆ ಏನೆಂದು ಕರೆಯುತ್ತಿದ್ದರು, ಯಾವ ಬಾವಿ ಯಾರ ಪಾಲಿಗೆ ಹೋಯಿತು, ಮನೆದೇವರು ಯಾರು, ಜಾತ್ರೆಗೆ ಎಲ್ಲಿಗೆ ಹೋಗುತ್ತಿದ್ದರು, ಹೆಣ್ಣು ಯಾವ ಊರಿನಿಂದ ತರುತ್ತಿದ್ದರು, ಯಾವ ಊರಿಗೆ ಕೊಡುತ್ತಿದ್ದರು ಎಂದು ಕೇಳಿದರೆ ಇಸವಿಗಳನ್ನು ಮರೆತವರಿಗೂ ಮಾತು ಬರುತ್ತದೆ. ಇಸವಿ ಬೇಕಾದಾಗ ರಜಾಕಾರರ ಗದ್ದಲಕ್ಕಿಂತ ಮೊದಲೋ ಆಮೇಲೋ, 1972ರ ಬರಗಾಲದಲ್ಲಿ ಆ ಮಗುವಿಗೆ ಎಷ್ಟು ವರ್ಷವಾಗಿತ್ತು ಎಂದು ಕೇಳಬೇಕು. ಸೇಡಂ ತಾಲೂಕಿನ ನಮ್ಮ ಊರಿನಲ್ಲಿ ನಮ್ಮ ಆಯಿ ಮುತ್ಯಾನ (ಅಜ್ಜನ) ಅಪ್ಪನ ಹೆಸರಿಗಿಂತ ಮೊದಲು ನೆನಪಿಸಿಕೊಂಡದ್ದು ಹೊಲವನ್ನೇ: “ಬೇವಿನಗಿಡದ ಹೊಲ ಅಂತಿದ್ರು ತಮ್ಮಾ, ಹಳ್ಳದ ಆಚೀಗಿ, ಈಗ ಗಿಡಾನೂ ಇಲ್ಲ.” ಆ ಒಂದು ಮಾತಿನಿಂದ ನಮ್ಮ ಇಡೀ ಹುಡುಕಾಟ ಮುಂದೆ ಹೋಯಿತು.

ಹೆಸರುಗಳನ್ನು ಕೇಳುವಾಗ ಅವುಗಳ ಹಿಂದಿರುವ ದೇವರನ್ನೂ ಗಮನಿಸುವುದು ಒಳ್ಳೆಯದು. ಮನೆತನವೊಂದರಲ್ಲಿ ಮಾಣಿಕ ಎಂಬ ಹೆಸರು ಮತ್ತೆ ಮತ್ತೆ ಬಂದರೆ ಹುಮನಾಬಾದಿನ ಮಾಣಿಕಪ್ರಭುಗಳ ಕಡೆಗೆ, ಲಾಡ್ಲೆ ಎಂದು ಬಂದರೆ ಆಳಂದದ ದರ್ಗಾದ ಕಡೆಗೆ, ಖಾಜಾ ಅಥವಾ ಬಂದೆ ಎಂದಿದ್ದರೆ ಕಲಬುರಗಿಯ ಖಾಜಾ ಬಂದೇನವಾಜರ ಕಡೆಗೆ, ಮೋನಪ್ಪ ಎಂದಿದ್ದರೆ ಸುರಪುರ ತಾಲೂಕಿನ ತಿಂಥಣಿ ಮೌನೇಶ್ವರನ ಕಡೆಗೆ, ಮೈಲಾರಿ ಎಂದಿದ್ದರೆ ಯಾದಗಿರಿಯ ಮೈಲಾಪುರ ಅಥವಾ ಭಾಲ್ಕಿ ಕಡೆಯ ಮೈಲಾರದ ಕಡೆಗೆ ಆ ಮನೆತನದ ಭಕ್ತಿ ಹರಿದಿತ್ತೆಂದು ಊಹಿಸಬಹುದು. ಹಿಂದೂ ಮನೆಗಳಲ್ಲಿ ಲಾಡ್ಲೆಪ್ಪ, ಖಾಜಪ್ಪ ಎಂಬ ಹೆಸರುಗಳೂ ನಮ್ಮಲ್ಲಿ ಉಂಟು, ಆದ್ದರಿಂದ ಹೆಸರನ್ನು ನೋಡಿ ಜಾತಿಧರ್ಮ ತೀರ್ಮಾನಿಸಬಾರದು. ಇದು ಸಾಕ್ಷ್ಯವಾಗುವುದಿಲ್ಲ, ಆದರೆ ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದಾಗ ಯಾರು ನಮ್ಮವರು ಎಂದು ಬೇರ್ಪಡಿಸಲು ಬಹಳ ಸಲ ನೆರವಾಗುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಹಳೆಯ ಪಹಣಿ ಕೇಳುವವನನ್ನು ಊರಿನಲ್ಲಿ ಹೊಲದ ಪಾಲು ಕೇಳಲು ಬಂದವನೆಂದು ತಿಳಿಯುವುದು ಸಹಜ. ದಾಯಾದಿಗಳಿಗೆ ಮೊದಲೇ ಹೇಳಿ, ಸಿಕ್ಕ ಕಾಗದದ ಒಂದೊಂದು ಪ್ರತಿಯನ್ನು ಅವರಿಗೂ ಕೊಡುವೆನೆಂದು ತಿಳಿಸಿ ಕೆಲಸ ಶುರುಮಾಡಿದರೆ, ಅನುಮಾನದಿಂದ ಬಾಯಿಮುಚ್ಚಿಕೊಳ್ಳುತ್ತಿದ್ದವರೇ ಟ್ರಂಕಿನ ತಳದಿಂದ ಹಳೆಯ ಛಾಪಾ ಕಾಗದ ತೆಗೆದು ಕೊಡುತ್ತಾರೆ.

ಹೊಲದಿಂದ ಸರ್ವೆ ನಂಬರಿಗೆ

ಹೊಲದ ಹೆಸರು ಗೊತ್ತಿದ್ದು ನಂಬರು ಗೊತ್ತಿಲ್ಲದಿದ್ದರೆ ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ಉಪಯೋಗಕ್ಕೆ ಬರುತ್ತದೆ. ಮೊಬೈಲಿನಲ್ಲಿ ಅದನ್ನು ತೆರೆದು ಹೊಲದಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ನಾವು ಹಳ್ಳ ದಾಟಿ, ಆಯಿ ಹೇಳಿದ ಗುರುತಿನಂತೆ ಬದುವಿನ ಮೇಲೆ ನಿಂತು ನೋಡಿದಾಗ ಒಂದು ನಂಬರು ಬಂತು. ಹತ್ತು ಹೆಜ್ಜೆ ಈಚೆ ಬಂದಾಗ ಬೇರೆ ನಂಬರಾಯಿತು. ಇಂಥ ಕಡೆ ಮೊಬೈಲಿನ ಜಿಪಿಎಸ್ ಕೆಲವು ಮೀಟರು ಆಚೀಚೆ ತೋರಿಸುವುದರಿಂದ ಬದುವಿನ ಮೇಲೆ ನಿಲ್ಲದೆ ಹೊಲದ ನಡುವೆ ನಿಂತು ನೋಡಬೇಕು, ಸುತ್ತಲಿನ ನಾಲ್ಕು ನಂಬರುಗಳನ್ನೂ ಬರೆದುಕೊಳ್ಳಬೇಕು. ಕಂದಾಯ ಇಲಾಖೆಯ ಭೂದಾಖಲೆಗಳ ತಾಣದಲ್ಲಿ ಕಂದಾಯ ಗ್ರಾಮಗಳ ನಕಾಶೆಗಳೂ ಸಿಗುತ್ತವೆ. ಹಳ್ಳ, ದಾರಿ, ಗಡಿಕಲ್ಲುಗಳ ಜೊತೆಗೆ ನಂಬರುಗಳು ಅದರಲ್ಲಿರುವುದರಿಂದ ಊರಿಗೆ ಹೋಗಲಾಗದವರು ಹಿರಿಯರ ಮುಂದೆ ಅದನ್ನು ಹರಡಿ ಕೇಳಬಹುದು.

ನಂಬರು ಸಿಕ್ಕ ಮೇಲೆ ‘ಭೂಮಿ’ ತಾಣದಲ್ಲಿ ಪಹಣಿ ಮತ್ತು ಎಂ.ಆರ್. ನೋಡುವ ಪುಟ ತೆರೆದು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ, ಅವಧಿ, ವರ್ಷ ಎಂದು ಒಂದೊಂದಾಗಿ ಆರಿಸಬೇಕು. ಸರ್ನೋಕ್ ಎಂಬ ಜಾಗದಲ್ಲಿ ಹೆಚ್ಚಾಗಿ ನಕ್ಷತ್ರದ ಗುರುತೇ ಇರುತ್ತದೆ, ಅದನ್ನೇ ಆರಿಸಿದರಾಯಿತು. ನಮ್ಮವರು ಬಹಳ ಮಂದಿ ಇಲ್ಲಿ ತಾಲೂಕಿನ ಹೆಸರಿನಲ್ಲಿಯೇ ಎಡವುತ್ತಾರೆ. ಕಮಲಾಪುರ, ಕಾಳಗಿ, ಶಹಾಬಾದ, ಯಡ್ರಾಮಿ, ಬೀದರ ಕಡೆಯ ಚಿಟಗುಪ್ಪ, ಹುಲಸೂರ, ಕಮಲನಗರ, ಯಾದಗಿರಿ ಕಡೆಯ ಹುಣಸಗಿ, ವಡಗೇರಾ, ಗುರುಮಠಕಲ್ ಇವೆಲ್ಲ ಇತ್ತೀಚಿನ ತಾಲೂಕುಗಳು. ಊರು ಹಳೆಯ ತಾಲೂಕಿನಲ್ಲಿ ಕಾಣದಿದ್ದರೆ ಹೊಸದರಲ್ಲಿ ನೋಡಬೇಕು, ಹಳೆಯ ಕಾಗದ ಹುಡುಕುವಾಗ ಇದನ್ನೇ ತಿರುಗಿಸಬೇಕು. ಯಡ್ರಾಮಿಯ ಹಳೆಯ ಕಡತವನ್ನು ಜೇವರ್ಗಿಯಲ್ಲಿಯೂ, ಹುಣಸಗಿಯದನ್ನು ಸುರಪುರದಲ್ಲಿಯೂ, ಕಮಲನಗರದ್ದನ್ನು ಔರಾದಿನಲ್ಲಿಯೂ ವಿಚಾರಿಸಬೇಕಾಗುತ್ತದೆ. ಯಾದಗಿರಿ ಜಿಲ್ಲೆಯಾದದ್ದೇ 2010ರಲ್ಲಿ, ಆದ್ದರಿಂದ ಅದಕ್ಕಿಂತ ಹಿಂದಿನ ಎಲ್ಲ ಹುಡುಕಾಟದಲ್ಲಿ ಜಿಲ್ಲೆ ಗುಲ್ಬರ್ಗಾ ಎಂದೇ ಇರುತ್ತದೆ. ಕಲಬುರಗಿ ಎಂಬ ಹೆಸರು ಸರ್ಕಾರಿ ಬಳಕೆಗೆ ಬಂದದ್ದು 2014ರ ನವೆಂಬರ್ 1ರಿಂದ.

ಪಹಣಿ ತೆರೆದೊಡನೆ ಎಲ್ಲರ ಕಣ್ಣು ಹೋಗುವುದು ಖಾತೆದಾರರ ಹೆಸರಿರುವ 9ನೆಯ ಕಾಲಮ್ಮಿಗೆ. ಮನೆತನದ ಮೂಲ ಹುಡುಕುವವನಿಗೆ ಅದಕ್ಕಿಂತ ಬೆಲೆಯುಳ್ಳದ್ದು 10ನೆಯದು, ಅಂದರೆ ಜಮೀನು ಹೇಗೆ ಬಂತು ಎಂಬುದನ್ನು ಹೇಳುವ ಜಾಗ. ಅಲ್ಲಿ ಒಂದು ಎಂ.ಆರ್. ನಂಬರು ಇರುತ್ತದೆ. ಎಂ.ಆರ್. ಎಂದರೆ ಮ್ಯುಟೇಶನ್ ರಿಜಿಸ್ಟರ್. ಜಮೀನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಯಾವ ಕಾರಣಕ್ಕೆ ಹೋಯಿತೆಂಬುದು ಅದರಲ್ಲಿ ಬರೆದಿರುತ್ತದೆ. ಖರೀದಿ, ದಾನ, ವಿಭಾಗ, ಪೌತಿ ಎಂದು. ಇವುಗಳಲ್ಲಿ ನಮಗೆ ಬಂಗಾರದಂಥದು ಪೌತಿ. ಖಾತೆದಾರ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಜಮೀನು ಮಾಡುವ ಈ ಕಡತದಲ್ಲಿ ತೀರಿಕೊಂಡವರ ಹೆಸರು, ಅವರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಇರುತ್ತಾರೆ, ಅರ್ಜಿಯ ಜೊತೆಗೆ ವಂಶವೃಕ್ಷವೂ ಲಗತ್ತಾಗಿರುತ್ತದೆ. ಒಂದು ಪೌತಿಯಿಂದ ಅದರ ಹಿಂದಿನ ಪೌತಿಗೆ, ಅಲ್ಲಿಂದ ಅದಕ್ಕೂ ಹಿಂದಿನದಕ್ಕೆ ಹೀಗೆ ಮೆಟ್ಟಿಲಿಳಿದಂತೆ ಹಿಂದೆ ಹೋಗಬಹುದು. ವಿಭಾಗದ ಎಂ.ಆರ್. ಸಿಕ್ಕರೆ ಅಣ್ಣತಮ್ಮಂದಿರೆಲ್ಲರೂ ಒಂದೇ ಸಾಲಿನಲ್ಲಿ ಸಿಗುತ್ತಾರೆ. 11ನೆಯ ಕಾಲಮ್ಮನ್ನೂ ಬಿಡಬೇಡಿರಿ, ಸಾಲ ಕೊಟ್ಟ ಸಹಕಾರ ಸಂಘದ ಹೆಸರೋ ಕೋರ್ಟಿನ ತಡೆಯಾಜ್ಞೆಯ ನಂಬರೋ ಅಲ್ಲಿದ್ದರೆ ಅದು ಮತ್ತೊಂದು ಕಡತಕ್ಕೆ ದಾರಿ.

ತಾಣದಲ್ಲಿ ಸುಲಭವಾಗಿ ಕಾಣುವ ಗಣಕೀಕೃತ ಪಹಣಿಗಳು ಸುಮಾರು 2000ದ ಇಸವಿಯಿಂದ ಈಚಿನವು. ಅದಕ್ಕಿಂತ ಹಿಂದಿನ ಕೈಬರಹದ ಪಹಣಿಗಳು ತಾಲೂಕು ಕಚೇರಿಯ ದಾಖಲೆ ಕೋಣೆಯಲ್ಲಿವೆ. ಆ ಕೋಣೆಗಳ ಕಾಗದಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆಯನ್ನು ಕಂದಾಯ ಇಲಾಖೆ 2024ರಲ್ಲಿ ಆರಂಭಿಸಿತು. ನಿಮ್ಮ ತಾಲೂಕಿನ ಕೆಲಸ ಮುಗಿದಿದ್ದರೆ ನಕಲಿಗಾಗಿ ಆನ್‌ಲೈನಿನಲ್ಲಿಯೇ ಅರ್ಜಿ ಹಾಕಬಹುದು, ಮುಗಿದಿಲ್ಲದಿದ್ದರೆ ಕಚೇರಿಗೆ ಹೋಗಿ ನಕಲು ಅರ್ಜಿ ಕೊಡಬೇಕು. ಅರ್ಜಿಯಲ್ಲಿ “ನಮ್ಮ ಹಳೆಯ ದಾಖಲೆಗಳು” ಎಂದು ಬರೆದರೆ ಯಾರೂ ಹುಡುಕಿ ಕೊಡುವುದಿಲ್ಲ. ಊರು, ಸರ್ವೆ ನಂಬರು, ದಾಖಲೆಯ ಹೆಸರು, ವರ್ಷ ಇಷ್ಟನ್ನೂ ಖಚಿತವಾಗಿ ಬರೆಯಬೇಕು. ಒಂದು ಕಚೇರಿಯಲ್ಲಿ ನನ್ನ ಅರ್ಜಿ ತಿಂಗಳುಗಟ್ಟಲೆ ಕದಲಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದೇ ವಿವರಗಳನ್ನು ಬರೆದು ಕೊಟ್ಟ ಮೇಲೆ ಉತ್ತರ ಬಂತು. ಆ ಅರ್ಜಿಗೆ ಶುಲ್ಕ ಹತ್ತು ರೂಪಾಯಿ.

ಖಾಸ್ರಾ, ಸೇತವಾರ ಮತ್ತು ಫಸಲಿ ಲೆಕ್ಕ

ಕೇಳಬೇಕಾದ ದಾಖಲೆಗಳಲ್ಲಿ ಮೊದಲನೆಯದು 1954-55ರ ಖಾಸ್ರಾ ಪಹಣಿ. ನಮ್ಮ ಜಿಲ್ಲೆಗಳು ಆಗ ಹೈದರಾಬಾದ್ ರಾಜ್ಯದಲ್ಲಿದ್ದವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ, 1956ರ ನವೆಂಬರಿನಲ್ಲಿ ರಾಜ್ಯ ಒಡೆದು ಹಂಚಿಹೋಗುವ ಮೊದಲು ಮಾಡಿದ ದಾಖಲೆಯಿದು. ಪಟ್ಟಾದಾರ ಯಾರು, ಹೊಲದಲ್ಲಿ ನಿಜವಾಗಿ ಉಳುತ್ತಿದ್ದವನು ಯಾರು ಎಂಬ ಎರಡನ್ನೂ ಅದು ಹೇಳುವುದರಿಂದ ಅದರ ಬೆಲೆ ದೊಡ್ಡದು. ಅದಕ್ಕೂ ಹಿಂದೆ ಹೋಗಬೇಕಾದರೆ ನಿಜಾಮರ ಕಾಲದ ಮೋಜಣಿಯ ಸೇತವಾರ, ಅಂದರೆ ಸರ್ವೆ ನಂಬರುಗಳ ಪಟ್ಟಿ ಕೇಳಬೇಕು. ಕೆಲವು ಊರುಗಳಲ್ಲಿ ಮರುಮೋಜಣಿಯಲ್ಲಿ ನಂಬರುಗಳು ಬದಲಾಗಿವೆ, ಅಂಥ ಕಡೆ ಹಳೆಯ ನಂಬರಿಗೆ ಹೊಸದು ಯಾವುದೆಂದು ಮೋಜಣಿ ಶಾಖೆಯಲ್ಲಿ ಮೊದಲು ಕೇಳಿಕೊಳ್ಳದಿದ್ದರೆ ಬೇರೆಯವರ ಮನೆತನವನ್ನು ನಮ್ಮದೆಂದು ಬರೆದುಕೊಳ್ಳುವ ಅಪಾಯವಿದೆ.

ನಮ್ಮ ಬೇವಿನಗಿಡದ ಹೊಲದ ಖಾಸ್ರಾ ಪಹಣಿಯ ನಕಲು ಕೈಗೆ ಬಂದಾಗ ಅದರಲ್ಲಿ ಮೂವರು ಅಣ್ಣತಮ್ಮಂದಿರ ಹೆಸರಿದ್ದವು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಇಬ್ಬರೇ. ನಮ್ಮ ಮುತ್ಯಾನ ಅಪ್ಪನನ್ನು ಮನೆಯಲ್ಲಿ ವೀರಭದ್ರಪ್ಪ ಎನ್ನುತ್ತಿದ್ದರು, ಕಾಗದದಲ್ಲಿ ಈರಪ್ಪ ಎಂದಿತ್ತು. ಹೆಸರನ್ನೇ ನಂಬಿ ಹುಡುಕಿದ್ದರೆ ಆ ಪುಟವನ್ನು ನಾವು ತಿರುವಿಬಿಡುತ್ತಿದ್ದೆವು. ಶರಣಬಸಪ್ಪ ಶರಣಪ್ಪನಾಗುವುದು, ಭೀಮರಾಯ ಭೀಮಶಾ ಆಗುವುದು, ಹಣಮಂತ ಹನುಮಯ್ಯನಾಗುವುದು ನಮ್ಮ ದಾಖಲೆಗಳಲ್ಲಿ ದಿನದ ಮಾತು. ಉರ್ದುವಿನಲ್ಲಿ ಬರೆದದ್ದನ್ನು ಕನ್ನಡಕ್ಕೆ ಇಳಿಸಿದವರ ಕೈಯಲ್ಲಿ ಒತ್ತಕ್ಷರ ಹೋಗಿ, ‘ಳ’ಕಾರ ‘ಲ’ಕಾರವಾಗಿ ಹೆಸರು ಇನ್ನಷ್ಟು ದೂರ ಸರಿದಿರುತ್ತದೆ. ಹೆಸರು ಹೊಂದದಿದ್ದಾಗ ತಂದೆಯ ಹೆಸರು, ಹೊಲದ ವಿಸ್ತೀರ್ಣದ ಎಕರೆ ಗುಂಟೆ, ಸುತ್ತಲಿನ ಚೆಕ್ಕುಬಂದಿ ಈ ಮೂರನ್ನು ಹೋಲಿಸಿ ತೀರ್ಮಾನಿಸಬೇಕು.

ಈ ಕಾಗದಗಳ ಭಾಷೆ ಒಂದೇ ಅಲ್ಲ. ಹೈದರಾಬಾದ್ ಸರ್ಕಾರದ ಆಡಳಿತ ಭಾಷೆ 1884ರ ವರೆಗೆ ಫಾರ್ಸಿ, ಆಮೇಲೆ ಉರ್ದು. ಊರಿನ ಕುಲಕರ್ಣಿಗಳು ಮೋಡಿ ಲಿಪಿಯ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಲೆಕ್ಕ ಬರೆದಿದ್ದಾರೆ. ಮೊಬೈಲಿನ ಅನುವಾದದ ಆ್ಯಪ್‌ಗಳು ಅಚ್ಚಾದ ಉರ್ದುವನ್ನು ಒಂದು ಮಟ್ಟಕ್ಕೆ ಓದುತ್ತವೆ, ಆದರೆ ಓಟದ ಕೈಬರಹವಾದ ಶಿಕಸ್ತಾವನ್ನು ಅವು ನಂಬುವಂತೆ ಓದಲಾರವು. ಹಳೆಯ ದಸ್ತಾವೇಜು ಬರಹಗಾರರು, ನಿವೃತ್ತ ಉರ್ದು ಶಿಕ್ಷಕರು, ಮೋಡಿ ಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ಓದಿಸಿ, ಓದಿದ್ದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಬರೆಸಿಕೊಳ್ಳುವುದು ತುರ್ತಿನ ಕೆಲಸವೆಂದು ನಾನು ತಿಳಿದಿದ್ದೇನೆ. ಉರ್ದು ಅಕ್ಷರಗಳು ಬಲದಿಂದ ಎಡಕ್ಕೆ ಹೋದರೂ ಅಂಕಿಗಳು ಎಡದಿಂದ ಬಲಕ್ಕೇ ಇರುತ್ತವೆಂಬುದನ್ನು ಮರೆತರೆ ಇಸವಿಯೇ ತಲೆಕೆಳಗಾಗುತ್ತದೆ.

ಇಸವಿಯ ಲೆಕ್ಕಕ್ಕೆ ಸ್ವಲ್ಪ ತಾಳ್ಮೆ ಬೇಕು. ನಿಜಾಮರ ಕಾಲದ ಕಂದಾಯ ದಾಖಲೆಗಳಲ್ಲಿರುವುದು ಫಸಲಿ ವರ್ಷ. ಹೈದರಾಬಾದಿನ ಫಸಲಿ ವರ್ಷವು ಅಕ್ಟೋಬರಿನ ಮೊದಲ ವಾರದಲ್ಲಿ ಆಜರ್ ಎಂಬ ತಿಂಗಳಿನಿಂದ ಆರಂಭವಾಗಿ ಆಬಾನ್ ತಿಂಗಳಿನಲ್ಲಿ ಮುಗಿಯುತ್ತಿತ್ತು. ಆದ್ದರಿಂದ ಫಸಲಿಗೆ 590 ಕೂಡಿಸಿದರೆ ವರ್ಷಾರಂಭದ ಇಸವಿ ಬರುತ್ತದೆ, ಜನವರಿಯ ನಂತರದ ತಿಂಗಳುಗಳಿಗೆ 591 ಕೂಡಿಸಬೇಕು. 1342 ಫಸಲಿಯ ಆಜರ್ ಎಂದರೆ 1932ರ ಅಕ್ಟೋಬರ್. ಅದೇ 1342ರ ಆಬಾನ್ ಎಂದರೆ 1933ರ ಸೆಪ್ಟೆಂಬರ್. ಜಾಗೀರುಗಳ ರದ್ದತಿಯ ಕಾನೂನನ್ನು 1358 ಫಸಲಿಯದೆಂದು ಕರೆಯುತ್ತಾರೆ, ಅದು ಬಂದದ್ದು 1949ರ ಆಗಸ್ಟಿನಲ್ಲಿ. ಈ ಲೆಕ್ಕ ಸರಿಯೆಂದು ತಾಳೆ ನೋಡಲು ಇದೇ ಒಂದು ಉದಾಹರಣೆ. ಧಾರ್ಮಿಕ ಇನಾಮಿನ ಕಾಗದಗಳಲ್ಲಿ ಹಿಜರಿ ಇರಬಹುದು. ಹಿಜರಿ ವರ್ಷ ಚಾಂದ್ರಮಾನದ್ದಾಗಿ ಸುಮಾರು 354 ದಿನಗಳಷ್ಟೇ ಇರುವುದರಿಂದ ಅದಕ್ಕೆ ಇಂತಿಷ್ಟು ಕೂಡಿಸುವ ಸರಳ ಲೆಕ್ಕ ನಡೆಯುವುದಿಲ್ಲ, ಆನ್‌ಲೈನಿನ ಪರಿವರ್ತಕವನ್ನೇ ಬಳಸಬೇಕು.

ಊರು ಯಾರ ಕೈಯಲ್ಲಿತ್ತು

ದಾಖಲೆ ಸಿಗದಿದ್ದಾಗ ಕೇಳಬೇಕಾದ ಪ್ರಶ್ನೆ ಇದು. ನಿಜಾಮರ ರಾಜ್ಯದ ಎಲ್ಲ ಊರುಗಳೂ ನೇರವಾಗಿ ಸರ್ಕಾರದ ದಿವಾನಿ ಆಡಳಿತದಲ್ಲಿರಲಿಲ್ಲ. ಕೆಲವು ನಿಜಾಮರ ಸ್ವಂತ ಸರ್ಫೇಖಾಸ್ ಊರುಗಳು, ಆಳಂದ, ಚಿಟಗುಪ್ಪದಂಥವು ಪಾಯಗಾ ಎಂಬ ದೊಡ್ಡ ಸರದಾರ ಮನೆತನಗಳ ಅಮೀರರವು, ಈಗಿನ ಬಸವಕಲ್ಯಾಣವಾದ ಕಲ್ಯಾಣಿ ಜಾಗೀರಿನದು. ಸುರಪುರ ಸೀಮೆಯು 1857-58ರ ಬಂಡಾಯದ ವರೆಗೆ ಬೇಡ ನಾಯಕರ ಸಂಸ್ಥಾನವಾಗಿದ್ದು 1860ರ ಸುಮಾರಿಗೆ ನಿಜಾಮರಿಗೆ ಸೇರಿತು. ಜಾಗೀರು, ಪಾಯಗಾ ಊರುಗಳ ಹಳೆಯ ಲೆಕ್ಕಪತ್ರ ಅವರವರ ದಫ್ತರಗಳಲ್ಲಿದ್ದವು, ಆದ್ದರಿಂದ ಇಂಥ ಊರಿನವರಿಗೆ ತಾಲೂಕು ಕಚೇರಿಯ ದಾಖಲೆ 1949ರ ಹಿಂದಕ್ಕೆ ತೀರ ತೆಳ್ಳಗಾಗುವುದುಂಟು. ಅಂಥವರು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರವನ್ನು ವಿಚಾರಿಸಬೇಕು, ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಹೈದರಾಬಾದ್ ರೆಸಿಡೆನ್ಸಿಯ ಅಂದರೆ ಬ್ರಿಟಿಷ್ ಪ್ರತಿನಿಧಿಯ ಕಚೇರಿಯ ಕಡತಗಳ ಪಟ್ಟಿಯಲ್ಲಿಯೂ ಹುಡುಕಬೇಕು. ಅಲ್ಲಿ ಹುಡುಕುವಾಗ ಇಂಗ್ಲಿಷಿನ ಹಳೆಯ ಕಾಗುಣಿತವನ್ನು ಬಳಸದಿದ್ದರೆ ಏನೂ ಕಾಣದು: ಸುರಪುರ ಅಲ್ಲಿ ಶೋರಾಪುರ್, ಸೇಡಂ ಸೇರಮ್, ಚಿಟಗುಪ್ಪ ಚಿಟ್‌ಗೋಪಾ, ಬಸವಕಲ್ಯಾಣ ಕಲ್ಯಾಣಿ.

ಮಠ, ಗುಡಿ, ದರ್ಗಾ, ಮಸೀದಿಗಳ ಸೇವೆಗೆ ಅಥವಾ ಊರಿನ ಚಾಕರಿಗೆ ಇನಾಮು ಪಡೆದಿದ್ದ ಮನೆತನದವರಿಗೆ ಇನ್ನೊಂದು ದೊಡ್ಡ ಸಂಪತ್ತಿದೆ. ಇನಾಮಿನ ವಿಚಾರಣೆ ಮುಗಿದ ಮೇಲೆ ನಿಜಾಮ್ ಸರ್ಕಾರ ಮುಂತಖಬ್ ಎಂಬ ಆದೇಶಪತ್ರ ಕೊಡುತ್ತಿತ್ತು. ಇನಾಮುದಾರ ತೀರಿಕೊಂಡಾಗಲೆಲ್ಲ ವಿರಾಸತ್ ಅಂದರೆ ವಾರಸಿಕೆಯ ವಿಚಾರಣೆ ನಡೆಯುತ್ತಿತ್ತು. 1952ರ ಹೈದರಾಬಾದ್ ಅತಿಯಾತ್ (ಇನಾಮು ಮುಂತಾದ ಸರ್ಕಾರಿ ದತ್ತಿಗಳ) ವಿಚಾರಣಾ ಕಾಯ್ದೆಯಡಿಯೂ ಇವು ಮುಂದುವರಿದವು. ವಾರಸುದಾರರು ಯಾರೆಂದು ತೀರ್ಮಾನಿಸಲು ಶಜ್ರಾ ಅಂದರೆ ವಂಶಾವಳಿಯನ್ನು ಹಾಜರುಪಡಿಸಬೇಕಾಗಿದ್ದುದರಿಂದ ಈ ಕಡತಗಳಲ್ಲಿ ಹಲವು ತಲೆಮಾರು ಒಂದೇ ಹಾಳೆಯಲ್ಲಿ ಸಿಗುವ ಸಂದರ್ಭಗಳಿವೆ. ಇದೇ ಕಾರಣಕ್ಕೆ ಕೋರ್ಟಿನ ತೀರ್ಪುಗಳನ್ನೂ ನೋಡಬೇಕು. ಪಾಲುವಾಟ್ನಿಯ ದಾವೆಗಳಲ್ಲಿ ವಾದಿ ಮೊದಲು ಸಲ್ಲಿಸುವುದೇ ವಂಶವೃಕ್ಷ, ತೀರ್ಪಿನಲ್ಲಿಯೂ ಅದನ್ನು ಬಹಳ ಸಲ ಉದ್ಧರಿಸಿರುತ್ತಾರೆ. ಇ-ಕೋರ್ಟ್ಸ್ ತಾಣದಲ್ಲಿ ಮತ್ತು ಹೈಕೋರ್ಟಿನ ಕಲಬುರಗಿ ಪೀಠದ ತೀರ್ಪುಗಳಲ್ಲಿ ಊರಿನ ಹೆಸರು ಹಾಕಿ ಹುಡುಕಬಹುದು. ದಾವೆಯಲ್ಲಿ ಕೊಟ್ಟ ವಂಶವೃಕ್ಷ ಒಬ್ಬರ ವಾದ ಮಾತ್ರ. ಎದುರಿನವರು ಅದನ್ನು ಒಪ್ಪಿದರೋ ಇಲ್ಲವೋ ಎಂದು ನೋಡದೆ ನಕಲು ಮಾಡಿಕೊಳ್ಳಬಾರದು.

ಹೊಲವಿಲ್ಲದವರ ಹುಡುಕಾಟ

ಇಷ್ಟೆಲ್ಲ ಹೇಳಿದ್ದು ಹೊಲವಿದ್ದವರ ದಾರಿ. ನಮ್ಮ ಮೂರೂ ಜಿಲ್ಲೆಗಳಲ್ಲಿ ತಲೆತಲಾಂತರದಿಂದ ಇನ್ನೊಬ್ಬರ ಹೊಲದಲ್ಲಿ ದುಡಿದ ಮನೆತನಗಳು ಅಸಂಖ್ಯ. ಕಾಗದ ಅವರ ಬಗ್ಗೆ ಕಡಿಮೆ ಮಾತಾಡುತ್ತದೆ, ಆದರೆ ಪೂರ್ತಿ ಮೌನವಾಗಿಲ್ಲ. 1950ರ ಹೈದರಾಬಾದ್ ಗೇಣಿ ಕಾಯ್ದೆಯಡಿ ಮಾಡಿದ ಸಂರಕ್ಷಿತ ಗೇಣಿದಾರರ ಪಟ್ಟಿಯಲ್ಲಿ ಉಳುವವರ ಹೆಸರಿದೆ. 1974ರ ಭೂಸುಧಾರಣೆಯ ನಂತರ ಗೇಣಿದಾರರು ಕೊಟ್ಟ ನಮೂನೆ 7ರ ಅರ್ಜಿಗಳು ಮತ್ತು ಭೂನ್ಯಾಯಮಂಡಳಿಯ ಆದೇಶಗಳಲ್ಲಿ ಅರ್ಜಿದಾರನ ಹೆಸರು, ತಂದೆಯ ಹೆಸರು, ಎಷ್ಟು ವರ್ಷದಿಂದ ಉಳುತ್ತಿದ್ದಾನೆಂಬ ಹೇಳಿಕೆ ಇರುತ್ತವೆ, ಸ್ವತಃ ಆ ಮನುಷ್ಯನ ಮಾತನ್ನು ಬರೆದುಕೊಂಡ ಅಪರೂಪದ ಕಾಗದಗಳವು. ತಳವಾರಕಿ, ವಾಲೀಕಾರಕಿ ಮುಂತಾದ ಊರಚಾಕರಿಯ ವತನಗಳನ್ನು 1961ರ ಕಾಯ್ದೆ ರದ್ದುಮಾಡಿದಾಗ ಆ ಜಮೀನನ್ನು ಚಾಕರಿ ಮಾಡಿದವರಿಗೇ ಮರುಮಂಜೂರು ಮಾಡಿದ ಆದೇಶಗಳಿವೆ. ಮೆಥೋಡಿಸ್ಟ್ ಮಿಷನ್ ಬೇರೂರಿದ ಬೀದರ ಭಾಗದ ಕ್ರೈಸ್ತ ಮನೆತನದವರು ತಮ್ಮ ಚರ್ಚಿನ ದೀಕ್ಷಾಸ್ನಾನ ಮತ್ತು ಮದುವೆಯ ರಿಜಿಸ್ಟರುಗಳನ್ನು ನೋಡಬೇಕು.

ಮತದಾರರ ಪಟ್ಟಿ ಎಲ್ಲರಿಗೂ ಸಮಾನವಾಗಿ ಸಿಗುವ ದಾಖಲೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ತಾಣದಲ್ಲಿ 2002ರ ಪಟ್ಟಿಯನ್ನು ಹಾಕಿದ್ದಾರೆ. ಮನೆ ನಂಬರು, ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು ಅದರಲ್ಲಿವೆ. ಅಂದು 80 ವರ್ಷವೆಂದು ಬರೆದಿರುವ ಅಜ್ಜನ ತಂದೆಯ ಹೆಸರು ಸಿಕ್ಕರೆ ನೀವು ಹತ್ತೊಂಬತ್ತನೆಯ ಶತಮಾನದ ಕೊನೆಯ ಮನುಷ್ಯನೊಬ್ಬನನ್ನು ಮುಟ್ಟಿದಂತೆ. ವಯಸ್ಸನ್ನು ಮಾತ್ರ ಅಂದಾಜೆಂದೇ ತಿಳಿಯಬೇಕು. ಶಾಲೆಯ ದಾಖಲಾತಿ ರಿಜಿಸ್ಟರಿನದೂ ಇದೇ ಕಥೆ: ಊರಿನ ಅರ್ಧ ಮಂದಿಯ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಗುರುಗಳು ಶಾಲೆಯ ವರ್ಷಕ್ಕೆ ಹೊಂದಿಸಿ ಬರೆದ ದಿನ. ಆದರೆ ಅದೇ ರಿಜಿಸ್ಟರಿನಲ್ಲಿ ತಂದೆಯ ಹೆಸರು, ಉದ್ಯೋಗ, ಜಾತಿ ಇರುವುದರಿಂದ ಅದನ್ನು ಬಿಡುವಂತಿಲ್ಲ. ಜನನ ಮರಣ ನೋಂದಣಿಯ ಕಾಯ್ದೆ 1969ರದು, ಹಳ್ಳಿಗಳಲ್ಲಿ ಅದು ಬಿಗಿಯಾಗಿ ನಡೆದದ್ದು ಬಹಳ ತಡವಾಗಿ. ಜನಗಣತಿಯಲ್ಲಿ ಒಬ್ಬೊಬ್ಬರ ವಿವರವನ್ನು 1948ರ ಕಾಯ್ದೆಯಂತೆ ಗುಪ್ತವಾಗಿಡುವುದರಿಂದ ಅಲ್ಲಿ ಹೆಸರು ಸಿಗದು. 1951, 1961ರ ಜಿಲ್ಲಾ ಕೈಪಿಡಿಗಳ ಊರುಪಟ್ಟಿಗಳು ಮಾತ್ರ ಊರಿನ ಹಳೆಯ ಹೆಸರನ್ನೂ ತಾಲೂಕನ್ನೂ ಖಚಿತಪಡಿಸಲು ಬೇಕು, ಕಾರಂಜಾ ಅಥವಾ ನಾರಾಯಣಪುರ ಜಲಾಶಯದಲ್ಲಿ ಮುಳುಗಿದ ಊರಿನವರಿಗಂತೂ ಬೇಕೇಬೇಕು.

ಹೆಣ್ಣುಮಕ್ಕಳ ಕಡೆಯ ಮೂಲ ಹುಡುಕುವುದು ಎಲ್ಲಕ್ಕಿಂತ ಕಷ್ಟ, ಅದನ್ನು ಬಿಟ್ಟು ಬರೆದ ವಂಶವೃಕ್ಷ ಅರ್ಧ ಮಾತ್ರ. ಪಹಣಿಯಲ್ಲಿ ಹೆಣ್ಣಿನ ಹೆಸರು ಗಂಡನ ಹೆಸರಿನ ಜೊತೆಗೆ ಬರುತ್ತದೆ, ತವರಿನ ಸುಳಿವಿರುವುದಿಲ್ಲ. ಇಲ್ಲಿ ನೆರವಿಗೆ ಬರುವುದು ನೋಂದಣಿ ಇಲಾಖೆಯ ‘ಕಾವೇರಿ’ ತಾಣ. ಕರ್ನಾಟಕದಲ್ಲಿ 1994ರಿಂದಲೂ, ದೇಶದಾದ್ಯಂತ 2005ರಿಂದಲೂ ಹಿಂದೂ ಮನೆತನಗಳ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದ ಮೇಲೆ, ವಿಭಾಗಪತ್ರಗಳಲ್ಲಿ ಮತ್ತು ಹಕ್ಕು ಬಿಟ್ಟುಕೊಡುವ ಪತ್ರಗಳಲ್ಲಿ ಅವರ ಸಹಿ ಬೇಕಾಯಿತು; ಸಹಿಯ ಜೊತೆಗೆ ತಂದೆಯ ಹೆಸರು, ಗಂಡನ ಹೆಸರು, ಕೊಟ್ಟ ಊರು ಎಲ್ಲವೂ ದಾಖಲಾದವು. ಹಕ್ಕು ಬಿಟ್ಟುಕೊಟ್ಟ ಕಾಗದದಲ್ಲಿಯೇ ಅಕ್ಕತಂಗಿಯರ ವಿಳಾಸ ಸಿಗುವುದು ಮನಸ್ಸಿಗೆ ನೋವು ತರುವ ಸಂಗತಿ, ಆದರೂ ಅವರು ಕಾಗದದ ಮೇಲೆ ಉಳಿದಿರುವುದು ಅಲ್ಲಿಯೇ. ಸರ್ವೆ ನಂಬರಿನ ಮೇಲೆ ಇಸಿ ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿದರೆ ಇಂಥ ಪತ್ರಗಳ ನಂಬರು ಗೊತ್ತಾಗುತ್ತದೆ. 2004ರ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಕೈಯಿಂದಲೇ ಹುಡುಕಿಸಬೇಕು.

ಹೆಳವರು ಊರಿಗೆ ಬರುವ ಮನೆತನದವರು ಅವರನ್ನು ಬರಿಗೈಯಲ್ಲಿ ಕಳಿಸಬಾರದು. ತಲೆಮಾರುಗಳ ಹೆಸರನ್ನು ಹೊತ್ತಗೆಯಲ್ಲಿ ಬರೆದಿಟ್ಟುಕೊಂಡು, ಮನೆಬಾಗಿಲಿಗೆ ಬಂದು ವಂಶಾವಳಿ ಹೇಳುವುದೇ ಅವರ ಕುಲಕಸುಬು. ಅವರ ಹೊತ್ತಗೆಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸಕ್ಕೆ ‘ಫ್ಯಾಮಿಲಿಸರ್ಚ್’ ಸಂಸ್ಥೆ ಕೈಹಾಕಿದೆ. ಅದರ ತಾಣದಲ್ಲಿ ಉಚಿತವಾಗಿ ಖಾತೆ ತೆರೆದು ಹಿಂದೂ ತೀರ್ಥಯಾತ್ರೆಯ ದಾಖಲೆಗಳನ್ನೂ ನೋಡಬಹುದು. ನಮ್ಮ ಹಿರಿಯರು ಕಾಶಿ, ಪಂಢರಪುರ, ತ್ರ್ಯಂಬಕಗಳಿಗೆ ಹೋದಾಗ ಅಲ್ಲಿಯ ಉಪಾಧ್ಯಾಯರು ಯಾತ್ರಿಕರ ಊರು, ಹೆಸರು, ಜೊತೆಗೆ ಬಂದವರ ವಿವರ ಬರೆದುಕೊಳ್ಳುತ್ತಿದ್ದರು; ಮನೆಯವರು ಯಾರ ಬಳಿ ಇಳಿದುಕೊಳ್ಳುತ್ತಿದ್ದರೆಂಬುದು ಗೊತ್ತಿದ್ದರೆ ಅಲ್ಲಿಗೆ ಹೋಗಿ ಕೇಳುವುದೇ ಒಳ್ಳೆಯದು.

ಗಡಿಯಾಚೆ ಹೋದವರು

ನಮ್ಮ ಸೀಮೆಯ ಅರ್ಧ ನೆಂಟರು 1956ರಲ್ಲಿ ಇದ್ದಲ್ಲಿಯೇ ಬೇರೆ ರಾಜ್ಯದವರಾದರು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಆಂಧ್ರಕ್ಕೆ ಹೋದವು, ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ಮುಂಬೈ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ ಸೇರಿದವು. ಕೊಡಂಗಲ್, ತಾಂಡೂರು ಈಗ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿವೆ. ಅಲ್ಲಿಯ ಹೊಲಗಳನ್ನು 2025ರಲ್ಲಿ ಹಳೆಯ ‘ಧರಣಿ’ ತಾಣದ ಜಾಗಕ್ಕೆ ಬಂದ ‘ಭೂ ಭಾರತಿ’ ತಾಣದಲ್ಲಿ ನೋಡಬೇಕು. ಲಾತೂರ ಜಿಲ್ಲೆಗೆ ಸೇರಿದ ಉದಗೀರ, ನಿಲಂಗಾ ಕಡೆಯವರಿಗೆ ಮಹಾರಾಷ್ಟ್ರದ ‘ಮಹಾಭೂಲೇಖ’ದಲ್ಲಿ ಸಾತ್‌ಬಾರಾ ಅಂದರೆ 7/12ರ ಉತಾರ ಸಿಗುತ್ತದೆ. ಖಾಸ್ರಾ ಪಹಣಿ ಮೂರೂ ಕಡೆಗೆ ಒಂದೇ ಕಾಲದ್ದಾದ್ದರಿಂದ ಗಡಿಯಾಚೆಯೂ ಅದನ್ನೇ ಹೆಸರು ಹೇಳಿ ಕೇಳಬಹುದು.

ಸಿಕ್ಕದ್ದನ್ನು ಬರೆದಿಡುವಾಗ ಪ್ರತಿ ಹೆಸರಿನ ಎದುರಿಗೆ ಅದು ಯಾವ ದಾಖಲೆಯಿಂದ, ಯಾವ ವರ್ಷದ್ದರಿಂದ, ಯಾವ ನಂಬರಿನಿಂದ ಬಂತೆಂದು ಅದೇ ದಿನ ಬರೆಯಬೇಕು, ಪರದೆಯ ಚಿತ್ರವನ್ನು ಊರು ಮತ್ತು ಸರ್ವೆ ನಂಬರಿನ ಹೆಸರಿನಲ್ಲಿ ಉಳಿಸಬೇಕು. ಬದುಕಿರುವವರ ಹುಟ್ಟಿದ ದಿನ, ಆಧಾರ್, ಜಮೀನಿನ ವಿವರಗಳನ್ನು ಎಲ್ಲರಿಗೂ ಕಾಣುವ ವಂಶವೃಕ್ಷದ ತಾಣಗಳಲ್ಲಿ ಹಾಕಬಾರದು. ಒಬ್ಬ ಮನುಷ್ಯನನ್ನು ನಮ್ಮವನೆಂದು ಮಸಿಯಲ್ಲಿ ಬರೆಯಲು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾಖಲೆಗಳಾದರೂ ಹೊಂದಬೇಕೆಂಬ ನಿಯಮವನ್ನು ನಾನು ಇಟ್ಟುಕೊಂಡಿದ್ದೇನೆ.

ಖಾಸ್ರಾ ಪಹಣಿಯ ಮೂರನೆಯ ಹೆಸರನ್ನು ಓದಿ ಹೇಳಿದಾಗ ಆಯಿ ಬಹಳ ಹೊತ್ತು ಸುಮ್ಮನಿದ್ದು, “ಅಂವ ಸಣ್ಣ ಮುತ್ಯಾ ಇರಬೇಕು, ತಾಂಡೂರ ಕಡೀಗಿ ಹೋದಾಂವ, ಮತ್ತ ಬರಲೇ ಇಲ್ಲ” ಎಂದಳು. ತಾಂಡೂರಿನ ಹತ್ತಿರದ ಒಂದು ಊರಿನ ದಾಖಲೆಯಲ್ಲಿ ಅದೇ ಹೆಸರು, ಅದೇ ತಂದೆಯ ಹೆಸರು ಕಂಡಿದೆ. ಆ ಊರಿನ ಖಾಸ್ರಾ ಪಹಣಿಯ ನಕಲಿಗೆ ಅರ್ಜಿ ಕೊಟ್ಟಿದ್ದೇನೆ. ಅದು ಕೈಗೆ ಬರುವ ತನಕ ನಮ್ಮ ಮನೆಯ ವಂಶವೃಕ್ಷದಲ್ಲಿ ಸಣ್ಣ ಮುತ್ಯಾನ ಹೆಸರು ಪೆನ್ಸಿಲಿನಲ್ಲಿಯೇ ಇದೆ.